ನೈನೈಯ ನೀಲಿ ಅಂಗಿ

ಎದುರು ಮನೆಯ ನೈನೈಯ ಆ ಅಂಗಿ ಕಂಡಾಗ ನನಗೆ ಎಪ್ಪತ್ತೆರಡು. ಅದಾಗಿ ಆರು ವರ್ಷವಾಯಿತು. ಇವತ್ತು ಮಗಳು ಲವೀನಾ ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ ತೆರೆದಳು. ನುಸಿಗುಳಿಗೆಯ ವಾಸನೆ ಬಂತು, ನಾನು ಚಹಾ ಬಿಟ್ಟು ಎದ್ದು ನಿಂತೆ. ನಗಬೇಡಿ. ಆ ವಾಸನೆಗೆ ನಾನು ಇನ್ನೂ ಹೆದರುತ್ತೇನೆ.

ನಾವಿರುವುದು ಕೊಲ್ಲಿ ದೇಶದ ಅಲ್ ಕುಸೈಸ್‌ನಲ್ಲಿ. ಮಗಳು ನರ್ಸ್. ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿ ಕಟ್ಟಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಎದುರು ಫ್ಲ್ಯಾಟಿನಲ್ಲಿ ಆಗ ಒಂದು ಚೀನೀ ಸಂಸಾರವಿತ್ತು: ಅಜ್ಜಿ, ಮಗ, ಸೊಸೆ, ಒಂದು ಪುಟ್ಟ ಮೊಮ್ಮಗಳು. ಮಗು ಅಜ್ಜಿಯನ್ನು ನೈನೈ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಇಬ್ಬರಿಗೂ ಬರುತ್ತಿದ್ದದ್ದು ಈ ಊರಿನ ಎರಡು ಮಾತು: ಇಲ್ಲದ್ದಕ್ಕೆ ಮಾಫಿ, ಮುಗಿದದ್ದಕ್ಕೆ ಖಲಾಸ್. ಅಷ್ಟರಲ್ಲೇ ಎಷ್ಟೋ ಮಧ್ಯಾಹ್ನ ಒಟ್ಟಿಗೆ ಕೂತು ಬೀನ್ಸಿನ ನಾರು ತೆಗೆದಿದ್ದೇವೆ.

ಅವಳನ್ನು ನೋಡಿಕೊಳ್ಳುವ ರೀತಿ ಕಂಡು ನನಗೆ ಹೊಟ್ಟೆಯುರಿಯುತ್ತಿತ್ತು. ಅವಳು ಊಟದ ಕಡ್ಡಿ ಎತ್ತುವವರೆಗೆ ಆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಮಗ ಕಾಲು ಒತ್ತುವ ಯಂತ್ರ ತಂದುಕೊಟ್ಟಿದ್ದ. ನನ್ನ ಮೊಮ್ಮಗ ಫೋನಿನಿಂದ ಕಣ್ಣು ತೆಗೆಯದೆ ‘ವೇಟ್, ಗ್ರ್ಯಾನಿ’ ಎನ್ನುತ್ತಾನೆ.

ಒಂದು ಮಧ್ಯಾಹ್ನ ಅವರ ಬಾಗಿಲು ತೆರೆದೇ ಇತ್ತು. ಒಳಗೆ ಹೋದೆ. ನೈನೈ ಸೋಫಾದಲ್ಲಿ ಕೂತಿದ್ದಳು. ನೀಲಿ ರೇಷ್ಮೆಯ ನಿಲುವಂಗಿ, ತಲೆಗೆ ಟೊಪ್ಪಿ, ಕಾಲಿಗೆ ಹೊಸ ಬಟ್ಟೆಯ ಜೋಡು. ಕಣ್ಣು ಮುಚ್ಚಿತ್ತು. ಕೋಣೆ ತುಂಬ ನುಸಿಗುಳಿಗೆಯ ವಾಸನೆ. ಸತ್ತಳೆಂದೇ ಎಣಿಸಿದೆ; ಮೂಗಿಗೆ ಬೆರಳು ಹಿಡಿದು ನೋಡಲು ಬಗ್ಗಿದೆ. ಆಗ ಅವಳು ಕಣ್ಣು ಬಿಟ್ಟು ನನ್ನ ಕೈ ಹಿಡಿದಳು. ಅಂಗಿಗೆ ಗುಂಡಿ ಇರಲಿಲ್ಲ, ಕಟ್ಟುವ ದಾರಗಳಿದ್ದವು. ಕಟ್ಟಿ ತೋರಿಸಿದಳು, ಬಿಚ್ಚಿದಳು, ನನ್ನ ಕೈಯಿಂದ ಕಟ್ಟಿಸಿದಳು. ಮೊದಲು ಏಳು ಬೆರಳು ತೋರಿಸಿದಳು, ಆಮೇಲೆ ಮೂರು. “ಖಲಾಸ್,” ಎಂದಳು.

ನಾನು ಚಪ್ಪಲಿಯನ್ನೂ ಬಿಟ್ಟು ಓಡಿಬಂದೆ.

ಸಂಜೆ ಲಿಫ್ಟಿನ ಹತ್ತಿರ ಸೊಸೆ ಸಿಕ್ಕಿದಳು. ಬ್ಯಾಗಿನ ಅಂಗಡಿಯವಳು, ಗಿರಾಕಿಗಳಿಂದ ಹಿಂದಿ ಕಲಿತವಳು. ನನ್ನದೂ ಅಂಥದ್ದೇ ಹಿಂದಿ.

“ಅದು ಸಾಯುವಾಗ ಹಾಕುವ ಬಟ್ಟೆ, ಆಂಟಿ. ಉಸಿರು ಇರುವಾಗಲೇ ಹಾಕಬೇಕು. ಯಾರೂ ಇಲ್ಲದಾಗ ಉಸಿರು ಹೋದರೆ ಅಂತ ಈ ವಾರದಿಂದ ದಿನಾ ಮಧ್ಯಾಹ್ನ ಹಾಕಿಕೊಂಡು ಕೂರುತ್ತಾಳೆ. ಎಪ್ಪತ್ತಮೂರನೆಯ ವರ್ಷ ನಮ್ಮಲ್ಲಿ ಕಂಟಕ. ಮಗಳು ಗೆಂಡೆ ಮೀನು ತಂದುಕೊಟ್ಟರೆ, ಅದು ಹಾರಿದ ಹಾಗೆ ಅಮ್ಮನೂ ಆ ವರ್ಷ ಹಾರಿ ದಾಟುತ್ತಾಳೆ.”

“ನೀನೇ ತಂದುಕೊಡು.”

“ಸೊಸೆ ತಂದರೆ ಆಗುವುದಿಲ್ಲ. ಅವಳಿಗೆ ಮಗಳು ಮಾಫಿ. ಗಂಡನಿಗೆ ಹೇಳಿದರೆ, ಅಮ್ಮ ನೂರು ವರ್ಷ ಬದುಕುತ್ತಾಳೆ, ಬಾಯಿ ಮುಚ್ಚು ಅನ್ನುತ್ತಾನೆ.” ಲಿಫ್ಟಿನೊಳಗೆ ಹೋಗಿ ತಿರುಗಿದಳು. “ನಿಮಗೆಷ್ಟು?”

“ಎಪ್ಪತ್ತೆರಡು.”

“ನಮ್ಮಲ್ಲಿ ಹೊಟ್ಟೆಯಲ್ಲಿದ್ದ ಕಾಲವೂ ಲೆಕ್ಕ, ಆಂಟಿ. ನಿಮಗೂ ಎಪ್ಪತ್ತಮೂರೇ!” ನಕ್ಕಳು. ಬಾಗಿಲು ಮುಚ್ಚಿತು.

ನಾನು ಶಿಲುಬೆ ಹಾಕಿಕೊಂಡವಳು, ಇಂಥದ್ದನ್ನು ನಂಬುವವಳಲ್ಲ. ಆದರೆ ಜಪಮಾಲೆ ಹಿಡಿದರೆ ಬಾಯಿಗೆ ಎಪ್ಪತ್ತಮೂರೇ ಬರುತ್ತಿತ್ತು. ಆ ರಾತ್ರಿಯೇ ಲವೀನಾಳಿಗೆ ಹೇಳಿದೆ.

“ಮಮ್ಮಿ, ನಿಂಗೆ ಮಂಡೆ ಸಮ ಉಂಟಾ? ಅಲ್ಲಿ ಎಂತಾದ್ರೂ ಆದ್ರೆ ಪೊಲೀಸ್ ಕೇಳುವುದು ನಿನ್ನನ್ನೇ. ನಿನ್ನ ವೀಸಾ ನನ್ನ ಮೇಲೆ ಉಂಟು.”

“ಅವಳ ಬಟ್ಟೆ ಕಟ್ಲಿಕ್ಕೆ ನಾನಾದ್ರೂ ಇದ್ದೇನೆ ಮಾರಾಯ್ತಿ. ನಾನು ಸತ್ರೆ ಯಾವ ಸೀರೆ ಉಡಿಸ್ಬೇಕು, ಗೊತ್ತುಂಟಾ ನಿಂಗೆ?”

“ಬಿಡು ಮಮ್ಮಿ! ನೀನು ನೂರು ವರ್ಷ ಇರ್ತಿ.”

ಎದುರು ಮನೆಯ ಮಗ ಹೇಳಿದ ಮಾತನ್ನೇ ಇವಳೂ ಹೇಳಿದಳು. ಮಧ್ಯಾಹ್ನದ ಹೆದರಿಕೆ ಅದರ ಮುಂದೆ ಏನೂ ಅಲ್ಲ. ನಾನೂ ಒಂದು ದಿನ ಬಾಗಿಲು ತೆರೆದಿಟ್ಟು, ಸೀರೆ ಉಟ್ಟು, ಸೋಫಾದಲ್ಲಿ ಒಬ್ಬಳೇ ಕೂರಬೇಕಾದೀತು ಎನಿಸಿತು.

ನೈನೈ ಆ ವರ್ಷ ದಾಟಿದಳು, ಆಮೇಲೆ ಅವರೆಲ್ಲ ಚೀನಾಕ್ಕೆ ಹೋದರು. ಈಗ ಇದ್ದಾಳೋ ಇಲ್ಲವೋ. ಎಂಬತ್ತನಾಲ್ಕೂ ಕಂಟಕವಂತೆ, ನನಗೆ ಅದರ ಹೆದರಿಕೆ ಈಗಲೇ ಹಿಡಿದಿದೆ. ಆದರೆ ಇವತ್ತು ಸೂಟ್‌ಕೇಸಿನಲ್ಲಿ ಸತ್ತಾಗ ಉಡಿಸಲೆಂದು ಇಟ್ಟ ನನ್ನ ಬಿಳಿ ಸೀರೆ ಅಡಿಯಲ್ಲಿತ್ತು. ಲವೀನಾ ತಾನಾಗಿಯೇ ಅದನ್ನು ಮೇಲಕ್ಕೆ ತಂದಿಟ್ಟಳು. ಅಷ್ಟು ಕಲಿಸಲು ನನಗೆ ಆರು ವರ್ಷ ಬೇಕಾಯಿತು.

ಕಲಿಸಲು ಶುರು ಮಾಡಿದ್ದು ಆಗ, ಆ ಮಾತಾದ ಮರುದಿನ ಬೆಳಿಗ್ಗೆ. ಅವಳಿಗೆ ರಜೆ. ಗೊಣಗುತ್ತಿದ್ದವಳನ್ನು ಎಳೆದುಕೊಂಡು ಚೀನೀಯರ ಅಂಗಡಿಗೆ ಹೋದೆ. ತೊಟ್ಟಿಯಲ್ಲಿ ಹೊರಳುತ್ತಿದ್ದ ಎರಡು ಗೆಂಡೆ ಮೀನನ್ನು ಅವಳ ಕೈಯಿಂದಲೇ ಕೊಳ್ಳಿಸಿದೆ. ಒಂದನ್ನು ಅವಳು ಮಗಳ ಲೆಕ್ಕದಲ್ಲಿ ನೈನೈಯ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಕೊಟ್ಟಳು. ಇನ್ನೊಂದಕ್ಕೆ ನಾನು ಹುಣಸೆಹುಳಿ, ಮೆಣಸು ಅರೆದು ಸಾರು ಮಾಡಿದೆ. ಬರೀ ಕೆಸರಿನ ವಾಸನೆ. ಸಮುದ್ರದ ಮೀನು ತಿಂದು ಬೆಳೆದ ನಾನು ಮುಳ್ಳೊಂದನ್ನು ಬಿಟ್ಟು ಪೂರ್ತಿ ತಿಂದೆ.