ಪ್ರತಿಭಾ ಸುಮ್ಮನೆ ಕೂತ ಭಾನುವಾರ

ಪ್ರತಿಭಾಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅವಳ ಅತ್ತೆ ರತ್ನಕ್ಕ ಬಾಗಲಕೋಟೆಯ ನೆಂಟರಿಗೆ ಫೋನಿನಲ್ಲಿ ಹೀಗೆ ವಿವರಿಸುತ್ತಾರೆ: "ಮಂದಿ ಮೊಬೈಲ್‌ನ್ಯಾಗ ಆಟ ಆಡ್ತಾರಲ್ಲ, ಅವರು ಎಲ್ಲಿ ಸಿಕ್ಕಿ ಬೀಳಬೇಕು ಅಂತ ನಮ್ಮ ಸೊಸಿ ಠರಾಯಿಸ್ತಾಳ." ಇದಕ್ಕಿಂತ ಸರಿಯಾದ ವಿವರಣೆಯನ್ನು ಪ್ರತಿಭಾಳ ಕಂಪನಿಯೂ ಇದುವರೆಗೆ ಕೊಟ್ಟಿಲ್ಲ. ಹೆಬ್ಬಾಳದ ಮೇಲ್ಸೇತುವೆ ಕಾಣುವ ಒಂದು ಕಟ್ಟಡದಲ್ಲಿ ಅವಳು ಒಗಟಿನ ಆಟಗಳ ಪ್ರಾಡಕ್ಟ್ ಡಿಸೈನರ್. ಆಡುವವರ ಬೆರಳು ಮೊದಲು ಎಲ್ಲಿಗೆ ಹೋಗಬೇಕು, ಯಾವ ಹಂತದಲ್ಲಿ ತಲೆ ಕೆರೆದುಕೊಳ್ಳಬೇಕು, ಎಷ್ಟು ಕೆರೆದ ಮೇಲೆ ದಾರಿ ಕಾಣಬೇಕು, ಇದೆಲ್ಲ ಅವಳು ಯೋಚಿಸಿ ಇಡುವಂಥದ್ದು.

ಆಫೀಸಿಗೆ ಹೊರಡುವ ಮೊದಲು ಅವಳು ಅಲ್ಲಾಳಸಂದ್ರದ ಬಾಡಿಗೆ ಮನೆಯಲ್ಲಿ ಬೇರೆ ತರಹದ ಒಗಟುಗಳನ್ನು ಬಿಡಿಸಿರುತ್ತಾಳೆ. ಎರಡು ಒಲೆಯ ಮೇಲೆ ಹಾಲು, ಪಲ್ಯ, ಚಹಾ, ಕುಕ್ಕರು ನಾಲ್ಕೂ ಒಟ್ಟಿಗೆ ಆಗಬೇಕು. ಹಾಲು ಉಕ್ಕಬಾರದು. ಗಂಡನ ಡಬ್ಬಿಯ ಮುಚ್ಚಳ ಸಿಗಬೇಕು. ಅದು ಯಾವತ್ತೂ ಒಂದೇ ಜಾಗದಲ್ಲಿರುತ್ತದೆ, ಆದರೂ ಗಂಡ ಸೋಮನಾಥನಿಗೆ ಮಾತ್ರ ಸಿಗುವುದಿಲ್ಲ. ಒಂದು ದಿನ ರಾತ್ರಿಯೂಟದ ನಂತರ, ಸಾಂಬಾರಿನ ದೊಡ್ಡ ಪಾತ್ರೆಯನ್ನು ಕೂಸಿನಂತೆ ಅಪ್ಪಿಕೊಂಡು ತುಂಬಿದ ಫ್ರಿಜ್ಜಿನ ಎದುರು ನಿಂತಿದ್ದಾಗ ಅವಳಿಗೆ ಹೊಸ ಆಟ ಹೊಳೆಯಿತು. ಪುಟ್ಟ ಫ್ರಿಜ್ಜು, ವಿಪರೀತ ಸಾಮಾನು, ಎಲ್ಲವನ್ನೂ ಒಳಗೆ ಸೇರಿಸಿ ಬಾಗಿಲು ಹಾಕಬೇಕು. "ತುಂಬು ಫ್ರಿಜ್ಜು" ಎಂದು ಹೆಸರಿಟ್ಟಳು. ಅವಳ ತಲೆಯಿಂದಲೇ ಹುಟ್ಟಿ, ಅವಳೇ ಮುಂದಾಳಾಗಿ ಮಾಡಿದ ಮೊದಲ ಆಟ ಅದು.

ತೊಂದರೆ ಬಂದದ್ದು ಏಳನೇ ಹಂತದಲ್ಲಿ. ನೆಂಟರು ಉಂಡು ಹೋದ ಮೇಲಿನ ಫ್ರಿಜ್ಜು. ತಳದಲ್ಲಿ ಒಂದಿಷ್ಟು ಸಾಂಬಾರು ಉಳಿದ ದೊಡ್ಡ ಪಾತ್ರೆ, ಅರ್ಧ ಕುಂಬಳಕಾಯಿ, ಮೊಸರಿನ ತಪ್ಪಲೆ, ಪಕ್ಕದ ಕಟ್ಟೆಯ ಮೇಲೆ ಖಾಲಿ ಸಣ್ಣ ಡಬ್ಬಿಗಳು. ಸಾಂಬಾರನ್ನು ಸಣ್ಣ ಡಬ್ಬಿಗೆ ಬಗ್ಗಿಸಿದರೆ ಮುಗಿಯಿತು. ಇದನ್ನೂ ಹೇಳಿಕೊಡಬೇಕು ಎಂದು ಪ್ರತಿಭಾಳಿಗೆ ಕನಸಿನಲ್ಲಿಯೂ ಅನಿಸಿರಲಿಲ್ಲ. ಆಫೀಸಿನ ಗಂಡಸರೆಲ್ಲ ಅಲ್ಲಿಗೆ ಬಂದು ನಿಂತುಬಿಟ್ಟರು. ಪಾತ್ರೆಯನ್ನು ಆಚೆ ತಿರುಗಿಸಿದರು, ಈಚೆ ತಿರುಗಿಸಿದರು, ಕೊನೆಗೆ ಆಟದಲ್ಲಿ ದೋಷವಿದೆ ಎಂದು ದೂರು ಕೊಟ್ಟರು.

ಅವಳ ಮೇಲಧಿಕಾರಿ ಯಶವಂತ್ ಶುಕ್ರವಾರ ಪರಿಹಾರ ತಂದ. ಪರದೆಯ ಮೂಲೆಯಲ್ಲಿ ಒಂದು ಗುಂಡು ಬಟನ್. ಒತ್ತಿದರೆ ಸೆರಗು ಸಿಕ್ಕಿಸಿದ, ಮುಡಿ ಕಟ್ಟಿದ ಒಬ್ಬ ಪುಟ್ಟ ಹೆಂಗಸು ಎಡಗಡೆಯಿಂದ ಗುಡುಗುಡು ಓಡಿ ಬರುತ್ತಿದ್ದಳು. ಎಲ್ಲವನ್ನೂ ತಾನೇ ಜೋಡಿಸಿ, ಬಾಗಿಲು ಹಾಕಿ, ಹಣೆ ಒರೆಸಿಕೊಂಡು, ನಕ್ಕು ಮಾಯವಾಗುತ್ತಿದ್ದಳು.

"ಅಮ್ಮ ಬಟನ್!" ಎಂದ ಯಶವಂತ್. "ಎಷ್ಟು ಕ್ಯೂಟಾಗಿದ್ದಾಳೆ ನೋಡಿ ಪ್ರತಿಭಾ. ಸ್ಟಕ್ ಆದ್ರೆ ಒತ್ತೋದು, ಅಮ್ಮ ಬರ್ತಾಳೆ, ಮುಗೀತು."

"ಎಲ್ಲಾ ಅವಳೇ ಮಾಡಿದ್ರೆ ಆಡೋರು ಏನ್ ಮಾಡ್ತಾರೆ?"

"ಥ್ಯಾಂಕ್ಸ್ ಹೇಳ್ತಾರೆ. ಅದಕ್ಕೂ ಒಂದು ಬಟನ್ ಇಡೋಣ."

"ಥ್ಯಾಂಕ್ಸಾ? ಬೇಡ ಯಶವಂತ್. ಯಾರೂ ನಂಬಲ್ಲ."

ಆ ಪುಟ್ಟ ಹೆಂಗಸಿನ ಮೂಗು, ಕನ್ನಡಕ, ನಡಿಗೆ ಎಲ್ಲ ಪ್ರತಿಭಾಳನ್ನೇ ಹೋಲುತ್ತಿದ್ದವು. ಚಿತ್ರ ಬರೆದವನು ಅವಳ ಎದುರಿನ ಮೇಜಿನವನು. ಕಣ್ಣೆದುರು ಕಂಡದ್ದನ್ನು ಬರೆದಿದ್ದ. ಮನೆಯಲ್ಲಿ ಒಂದು ಕೂಗಿಗೆ ಓಡುವುದು ಸಾಲದೆ ಇನ್ನು ಊರವರ ಫೋನಿನಲ್ಲೆಲ್ಲ ತಾನು ಗುಡುಗುಡು ಓಡಬೇಕು ಎಂಬ ಯೋಚನೆಗೇ ಅವಳ ಕಾಲು ನೋಯತೊಡಗಿತು.

"ಮನೆ ಟೆಸ್ಟ್ ಮಾಡೋಣ" ಎಂದಳು.

ಮನೆ ಟೆಸ್ಟ್ ಅವರ ಕಂಪನಿಯ ಪದ್ಧತಿ. ಆಟವನ್ನು ಎಂದೂ ನೋಡದ ಮನೆಯವರೊಬ್ಬರಿಗೆ ಟ್ಯಾಬ್ ಕೊಟ್ಟು ಆಡಿಸಬೇಕು. ಡಿಸೈನರ್ ಪಕ್ಕದಲ್ಲಿ ಕೂತು ವಿಡಿಯೋ ಮಾಡಬೇಕು. ಅವಳು ಬಾಯಿ ಬಿಡುವಂತಿಲ್ಲ, ಕೈ ತೋರಿಸುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ. ಕೋಣೆಯಲ್ಲಿ ಯಾರೇ ಸುಳಿವು ಕೊಟ್ಟರೂ ಟೆಸ್ಟ್ ರದ್ದು.

"ಯಾರನ್ನ ಕೂರಿಸ್ತೀರ?"

"ನಮ್ಮನೆಯವರನ್ನ."

ಯಶವಂತ್ ಸೋಮನಾಥನನ್ನು ಕಂಪನಿಯ ಊಟದಲ್ಲಿ ನೋಡಿದ್ದ. ಅವನ ಮುಖ ಅರಳಿತು. "ಡನ್! ಪಾಸಾದ್ರೆ ಅಮ್ಮ ಔಟ್. ಫೇಲಾದ್ರೆ ಸೋಮವಾರದಿಂದ ಅಮ್ಮ ಇನ್."

ಸೋಮನಾಥ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದಾನೆ. ಯಾವ ಪೆಟ್ಟಿಗೆ ವಿಮಾನದ ಯಾವ ಮೂಲೆಗೆ ಹೋಗಬೇಕು ಎಂದು ನಿರ್ಧರಿಸುವುದೇ ಅವನ ಕೆಲಸ. ಗುಲಾಬಿ ಹೂ, ಕುದುರೆ, ಯಂತ್ರದ ಬಿಡಿಭಾಗ, ಎಲ್ಲವನ್ನೂ ಒಂದರ ಪಕ್ಕ ಒಂದು ಕೂರಿಸಿ ಪರದೇಶಕ್ಕೆ ಕಳಿಸಿದ್ದಾನೆ. ಭಾನುವಾರ ಉಪ್ಪಿಟ್ಟು ತಿಂದು ಸೋಫಾದ ಮೇಲೆ ಚಕ್ಕಳಮಕ್ಕಳ ಕೂತವನು ಟ್ಯಾಬನ್ನು ಎಡಗೈಯಲ್ಲಿಯೇ ಹಿಡಿದ.

"ಇದು ನನ್ನ ಕೆಲಸಾನ ಐತಲ್ಲ! ಹತ್ತು ನಿಮಿಷದಾಗ ಮುಗಿಸ್ತೀನಿ ನೋಡು."

ಪ್ರತಿಭಾ ಫೋನಿನ ಕ್ಯಾಮೆರಾ ಚಾಲೂ ಮಾಡಿ ಬಾಯಿ ಮುಚ್ಚಿಕೊಂಡಳು. ನಿಯಮಗಳನ್ನು ರತ್ನಕ್ಕನಿಗೆ ಮೊದಲೇ ಹೇಳಿದ್ದಳು. ಟ್ಯಾಬಿನ ಆಟದಲ್ಲಿ ಇನ್ನೂ ಸೇರದ ಅಮ್ಮ ಬಟನ್ನಿನ ವಿಷಯವನ್ನೂ ಹೇಳಿದ್ದಳು. ಅಷ್ಟರಲ್ಲಿ ಕೆಳಗಿನ ಮನೆಯಿಂದ ಮಾಲೀಕರಾದ ಪಟಾಲಮ್ಮ ನುಗ್ಗೆಸೊಪ್ಪು ಕೊಡಲು ಹತ್ತಿ ಬಂದರು. ಅಲ್ಲಾಳಸಂದ್ರದಲ್ಲಿ ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಮೂರು ಬಾಡಿಗೆ ಕಟ್ಟಡಗಳು ಬೆಳೆದಿವೆ. ರತ್ನಕ್ಕ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿವಿಯಲ್ಲಿ ವಿಷಯ ತಿಳಿಸಿದರು.

"ಏನೂ ಯೋಳ್ಕೊಡಂಗಿಲ್ವಾ?" ಎಂದರು ಪಟಾಲಮ್ಮ. "ಗಂಡಸ್ರನ್ನ ಇಂಗೆ ಒಬ್ರನ್ನೇ ಬುಟ್ಬುಟ್ರೆ ಎಂಗವ್ವ?"

ಆರು ಹಂತಗಳನ್ನು ಸೋಮನಾಥ ಸಿಳ್ಳೆ ಹಾಕುತ್ತ ಮುಗಿಸಿದ. ಏಳನೆಯದು ಬಂತು. ಪಾತ್ರೆಯನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ.

"ಇದು ಹಿಡಿಸೂದಿಲ್ಲ ಪ್ರತಿಭಾ."

ಪ್ರತಿಭಾ ಸುಮ್ಮನಿದ್ದಳು.

"ಏ, ಇದು ಹಿಡಿಸೂದಿಲ್ಲ ಅಂದೆ."

ಆ ಮನೆಯಲ್ಲಿ ಸೋಮನಾಥ ಗಾಳಿಗೆ ಎಸೆದ ಪ್ರಶ್ನೆ ಇದುವರೆಗೆ ನೆಲಕ್ಕೆ ಬಿದ್ದದ್ದಿಲ್ಲ. ಸಾಕ್ಸ್ ಎಲ್ಲೈತಿ ಅಂದರೆ ಸಾಕ್ಸ್, ಚಾಕು ಎಲ್ಲೈತಿ ಅಂದರೆ ಚಾಕು, ಯಾವುದೋ ದಿಕ್ಕಿನಿಂದ ಬಂದೇ ಬರುತ್ತಿತ್ತು. ಈಗ ಏನೂ ಬರಲಿಲ್ಲ. ಅವನು ಸುತ್ತ ನೋಡಿದ. ಮೂವರು ಹೆಂಗಸರು ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದರು.

"ಅವ್ವಾ, ನೀನರೆ ಹೇಳು."

ರತ್ನಕ್ಕ ಬಾಯಿ ತೆರೆದೇಬಿಟ್ಟರು. ಮಗ ಕೇಳಿದ ಮೇಲೆ ಆ ಬಾಯಿ ತಾನಾಗಿ ತೆರೆಯುತ್ತದೆ, ಅದಕ್ಕೆ ಹಳೆಯ ರೂಢಿ. ಪ್ರತಿಭಾ ಮಿಂಚಿನಂತೆ ತಟ್ಟೆಯಿಂದ ಒಂದು ಶೇಂಗಾ ಉಂಡಿ ಎತ್ತಿ ಆ ಬಾಯಿಗೆ ತುರುಕಿದಳು. ಅದು ಬಾಗಲಕೋಟೆಯ ಉಂಡಿ, ಬೇಗ ಕರಗುವಂಥದ್ದಲ್ಲ.

ಸೋಮನಾಥ ಸರಕು ವಿಭಾಗದ ವಿದ್ಯೆಯನ್ನೆಲ್ಲ ಹೊರತೆಗೆದ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಇಟ್ಟ. ಕುಂಬಳಕಾಯಿಯನ್ನು ಮೂಲೆಗೆ ತಳ್ಳಿದ. ಆಮೇಲೆ ಸಾಂಬಾರಿನ ಪಾತ್ರೆಯನ್ನು ಹೊರಗಿಟ್ಟು ಬಾಗಿಲು ಹಾಕಿದ. "ನಮ್ಮಲ್ಲಿ ಹಿಂಗ ಮಾಡ್ತೀವಿ. ಹಿಡಿಸಲಿಲ್ಲ ಅಂದ್ರ ಮುಂದಿನ ವಿಮಾನ." ಸಾಂಬಾರು ಹಳಸಿ ಹಸಿರಾಯಿತು. ಹಂತ ಮೊದಲಿನಿಂದ ಶುರುವಾಯಿತು.

"ರತ್ನಕ್ಕ, ನಿಮ್ ಮಗ ಏನ್ ಓದವ್ರೆ?" ಪಟಾಲಮ್ಮ ಮೆಲ್ಲಗೆ ಕೇಳಿದರು.

ರತ್ನಕ್ಕ ಉಂಡಿಯನ್ನು ಒಂದು ದವಡೆಗೆ ಸರಿಸಿಕೊಂಡರು. "ಬಿ.ಇ."

"ಪಾಪ."

ಪ್ರತಿಭಾ ಇಬ್ಬರನ್ನೂ ಗುರಾಯಿಸಿದಳು. ಇದು ಸುಳಿವಲ್ಲ ಎಂದು ರತ್ನಕ್ಕ ಕೈಸನ್ನೆ ಮಾಡಿದರು. ಖಾಲಿ ಡಬ್ಬಿ ಸೋಮನಾಥನ ಹೆಬ್ಬೆರಳ ಕೆಳಗೇ ಇತ್ತು. ಮನೆಯಲ್ಲಿಯೂ ಹಾಗೆಯೇ, ಹುಡುಕುವ ವಸ್ತುವಿನ ಮೇಲೆಯೇ ಕೈಯಿಟ್ಟುಕೊಂಡು ಹುಡುಕುವುದು ಅವನ ಕ್ರಮ. "ಅಲ್ಲೇ ಐತಲ್ರೀ" ಎಂಬ ಎರಡು ಶಬ್ದ ಪ್ರತಿಭಾಳ ನಾಲಿಗೆಯ ತುದಿಗೆ ಬಂದವು. ಅವಳೂ ಒಂದು ಉಂಡಿ ಬಾಯಿಗೆ ಹಾಕಿಕೊಂಡಳು.

ಮತ್ತೆ ಮತ್ತೆ ಸಾಂಬಾರು ಹಳಸಿತು. ಸೋಮನಾಥ ಟ್ಯಾಬನ್ನು ಸೋಫಾದ ಮೇಲೆ ಎಸೆದು ಎದ್ದ. "ಸಾಕಾತು. ನೀರು ಕುಡಿದು ಬರ್ತೀನಿ."

ಇನ್ನೇನು, ಸೋಮವಾರ ಅಮ್ಮ ಬಂದಳು ಅಂದುಕೊಂಡಳು ಪ್ರತಿಭಾ. ಆದರೂ ನಿಯಮದಂತೆ ಕ್ಯಾಮೆರಾ ಹಿಡಿದು ಅವನ ಹಿಂದೆಯೇ ಅಡುಗೆಮನೆಗೆ ಹೋದಳು. ಅವಳ ಹಿಂದೆ ರತ್ನಕ್ಕ, ಅವರ ಹಿಂದೆ ನುಗ್ಗೆಸೊಪ್ಪಿನ ಕಟ್ಟಿನ ಸಮೇತ ಪಟಾಲಮ್ಮ.

ಸೋಮನಾಥ ಫ್ರಿಜ್ಜಿನ ಬಾಗಿಲು ತೆರೆದ. ಬಾಟಲಿಗೆ ಕೈ ಚಾಚಿದವನು ಹಾಗೆಯೇ ನಿಂತ. ದಿನವೂ ಆ ಬಾಗಿಲು ತೆರೆಯುತ್ತಿದ್ದನಾದರೂ ಬಾಟಲಿಯಿಂದ ಆಚೆಗೆ ನೋಡಿದವನಲ್ಲ. ಒಳಗೆ ಎಲ್ಲವೂ ಕೂತಿತ್ತು. ಡಬ್ಬಿಯ ಮೇಲೆ ಡಬ್ಬಿ, ಲೋಟದ ಮೇಲೆ ತಟ್ಟೆ, ತಟ್ಟೆಯ ಮೇಲೆ ನಿಂಬೆಹಣ್ಣು.

ಒಂದು ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. "ಇದು ನಿನ್ನೆ ಸಾಂಬಾರು."

ಮತ್ತೊಮ್ಮೆ ಮೂಸಿದ.

"ನಿನ್ನೆ ಇದು ದೊಡ್ಡ ಪಾತ್ರಿಯೊಳಗಿತ್ತು. ನಾನ ಬಡಿಸಿಕೊಂಡೀನಿ. ಇಷ್ಟು ಸಣ್ಣದು ಹೆಂಗಾತು?" ಅವನು ಡಬ್ಬಿಯನ್ನು ತಿರುಗಿಸಿ ನೋಡಿದ. ಹಣೆಯಲ್ಲಿ ಗೆರೆ ಮೂಡಿತು. "ಥಂಡಿಗೆ ಕುಗ್ಗತೈತೇನು?"

ರತ್ನಕ್ಕನ ಬಾಯಲ್ಲಿ ಉಳಿದಿದ್ದ ಉಂಡಿ ಪುಸಕ್ಕನೆ ಗೋಡೆಗೆ ಹಾರಿತು. ಪಟಾಲಮ್ಮ ಸೊಪ್ಪಿನ ಕಟ್ಟಿನಲ್ಲಿ ಮುಖ ಹುದುಗಿಸಿದರು. ಪ್ರತಿಭಾ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದಳು.

ಸೋಮನಾಥ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಅನ್ನದ ಡಬ್ಬಿ ನೋಡಿದ. ಪಲ್ಯದ ಬಟ್ಟಲು ನೋಡಿದ. ಆಮೇಲೆ ಮೆಲ್ಲಗೆ, ಯಾವುದೋ ಗುಡಿಯಲ್ಲಿ ನಿಂತವನ ಹಾಗೆ, "ಇದನ್ನ ಯಾರೋ ಸುರುವಿ ಇಟ್ಟಾರ" ಎಂದ. ಎದ್ದು ಸೋಫಾದ ಕಡೆ ಓಡಿದ, ಹಿಂದೆಯೇ ಮೂವರೂ. ಟ್ಯಾಬ್ ಎತ್ತಿಕೊಂಡು ಸಾಂಬಾರಿನ ಪಾತ್ರೆಯನ್ನು ಸಣ್ಣ ಡಬ್ಬಿಯ ಮೇಲೆ ಎಳೆದ. ಗುಳುಗುಳು ಎಂದು ಸಾಂಬಾರು ಇಳಿಯಿತು. ಖಾಲಿ ಪಾತ್ರೆ ಟಿಂಗ್ ಎಂದು ಮಾಯವಾಯಿತು. ಡಬ್ಬಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಪರದೆಯ ತುಂಬ ಬಣ್ಣದ ಕಾಗದ ಉದುರಿತು.

"ಹೊಡದ್ನಿ!" ಎಂದು ಸೋಮನಾಥ ಸೋಫಾದ ಮೇಲೆ ಹತ್ತಿ ನಿಂತ.

ಅಮ್ಮ ಔಟ್. ಪ್ರತಿಭಾ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಟಾಲಮ್ಮ ಟ್ಯಾಬಿನತ್ತ ಬಗ್ಗಿದರು.

"ಅಲ್ಲ ಪ್ರತಿಭಮ್ಮ, ಆ ದೊಡ್ ಪಾತ್ರೆ ಎಲ್ಲೋಯ್ತು?"

"ಯಾವ ಪಾತ್ರೆ?"

"ಸಾಂಬಾರ್ ಬಗ್ಗುಸ್ದ್ರಲ್ಲ, ಆ ಖಾಲಿ ಪಾತ್ರೆ. ಟಿಂಗ್ ಅಂತೂ, ಇಲ್ವೇ ಇಲ್ಲ. ಯಾರ್ ತೊಳುದ್ರು ಅದ್ನ?"

ಪಾತ್ರೆಯನ್ನು ಮಾಯ ಮಾಡಿದ್ದು ಪ್ರತಿಭಾಳೇ. ಟಿಂಗ್ ಶಬ್ದ ಆರಿಸಲು ಅರ್ಧ ದಿನ ಕೂತಿದ್ದಳು. ದಿನವೂ ಆ ಪಾತ್ರೆಯನ್ನು ತಿಕ್ಕುವ ಕೈಯೇ ಆಟದಲ್ಲಿ ಅದನ್ನು ಅಳಿಸಿಹಾಕಿತ್ತು. ಆಸೆಯಿಂದ ಹಾಗೆ ಮಾಡಿದ್ದಳೋ ಏನೋ.

"ತಾನ ಹೋಗೂದಿಲ್ಲೇನದು?" ಎಂದ ಸೋಮನಾಥ, ಸೋಫಾದ ಮೇಲಿನಿಂದಲೇ.

ರತ್ನಕ್ಕ ಅಡುಗೆಮನೆಯ ಸಿಂಕಿನ ಕಡೆಗೆ ಬೆರಳು ತೋರಿಸಿದರು. ಅಲ್ಲಿ ನಿನ್ನೆಯ ಸಾಂಬಾರಿನ ಪಾತ್ರೆ ನೀರು ತುಂಬಿಕೊಂಡು ಕೂತಿತ್ತು. "ಇಳಿ ಕೆಳಗ. ಎಂಟನೇದ್ದು ಅಲ್ಲೈತಿ."

"ಟೆಸ್ಟ್ ಮುಗೀತಲ್ಲ?"

ಪ್ರತಿಭಾ ಕ್ಯಾಮೆರಾ ಆರಿಸದೆ ಸಿಂಕಿನತ್ತ ತಿರುಗಿಸಿದಳು. ಮತ್ತೆ ಬಾಯಿ ಮುಚ್ಚಿಕೊಂಡಳು. ಆಫೀಸಿನವರೆಲ್ಲ ನೋಡುವ ವಿಡಿಯೋ ಎಂದು ಗೊತ್ತಿದ್ದ ಸೋಮನಾಥ ಅಂಗಿಯ ತೋಳು ಮಡಿಸಿ, ತಲೆ ಬಾಚಿಕೊಂಡು ಬಂದು ಪಾತ್ರೆ ತಿಕ್ಕಿದ. ನಲ್ಲಿ ಪೂರ್ತಿ ಬಿಟ್ಟು, ಸೋಪಿನ ಬಿಲ್ಲೆ ಸವೆಸಿ, ಕ್ಯಾಮೆರಾದತ್ತ ವಾರೆ ತಿರುಗಿ ತಿಕ್ಕಿದ.

"ನೀರು ಸಣ್ಕ್ ಬುಡಪ್ಪ" ಎಂದು ಕೂಗಿದರು ಪಟಾಲಮ್ಮ. "ಅದು ನಮ್ ಬೋರು, ಅಲ್ಲಾಳಸಂದ್ರದ ಕೆರೆ ಅಲ್ಲ!"

ಸೋಮವಾರ ಯಶವಂತ್ ವಿಡಿಯೋವನ್ನು ಕೊನೆಯವರೆಗೂ ನೋಡಿದ. ಉಂಡಿ ಹಾರಿದ ಜಾಗವನ್ನು ಹಿಂದೆ ತಿರುಗಿಸಿ ಮತ್ತೆ ನೋಡಿದ. ಯಾರೂ ಸುಳಿವು ಕೊಟ್ಟಿರಲಿಲ್ಲ. ಮಾತಿಗೆ ತಪ್ಪದೆ ಅಮ್ಮ ಬಟನ್ನನ್ನು ಕೈಬಿಟ್ಟ. ಪಾತ್ರೆ ಮಾಯವಾಗದ ಎಂಟನೇ ಹಂತಕ್ಕೂ ಒಪ್ಪಿಕೊಂಡ. ಸಂಜೆ ಮಾತ್ರ ಮೆಲ್ಲಗೆ ಅವಳ ಮೇಜಿನ ಹತ್ತಿರ ಬಂದು ನಿಂತ.

"ಪ್ರತಿಭಾ, ಆ ಮೂಲೆ ಖಾಲಿ ಖಾಲಿ ಕಾಣ್ತಿದೆ. ಜನಕ್ಕೆ ಒತ್ತೋಕೆ ಏನಾದ್ರೂ ಬೇಕು ಕಣ್ರೀ. ಅಮ್ಮ ಬೇಡ, ಸರಿ. ಅಕ್ಕ?"

"ಬೇಡ."

"ಅತ್ತಿಗೆ?"

"ಯಶವಂತ್."

"ಮತ್ತೆ ಯಾರನ್ನ ಇಡ್ಲಿ?"

ಪ್ರತಿಭಾ ಸ್ವಲ್ಪ ಯೋಚಿಸಿದಳು. "ಅಣ್ಣನ್ನ ಇಡಿ."

ಈಗ ಆಟದಲ್ಲಿ ಅಣ್ಣ ಬಟನ್ ಇದೆ. ಒತ್ತಿದರೆ ಬರ್ಮುಡಾ ತೊಟ್ಟ ಒಬ್ಬ ಮನುಷ್ಯ ನಿಧಾನವಾಗಿ ನಡೆದು ಬರುತ್ತಾನೆ. ಫ್ರಿಜ್ಜಿನ ಬಾಗಿಲು ತೆರೆಯುತ್ತಾನೆ. ಒಳಗೆ ಬಹಳ ಹೊತ್ತು ನೋಡುತ್ತಾನೆ. ಹೊಟ್ಟೆ ಕೆರೆದುಕೊಳ್ಳುತ್ತಾನೆ. ಬಾಗಿಲು ಮುಚ್ಚಿ ಹೊರಟುಹೋಗುತ್ತಾನೆ. ಇದರಿಂದ ಆಡುವವರಿಗೆ ಏನೂ ಉಪಯೋಗವಿಲ್ಲ. ಆದರೂ ಆಟದಲ್ಲಿ ಜನ ಅತಿ ಹೆಚ್ಚು ಒತ್ತುವುದು ಅದನ್ನೇ.

ರತ್ನಕ್ಕ ಊಟವಾದ ಮೇಲೆ ಟ್ಯಾಬ್ ಹಿಡಿದು ಕೂರುತ್ತಾರೆ. ಫ್ರಿಜ್ಜು ತುಂಬುವ ಗೋಜಿಗೆ ಹೋಗುವುದಿಲ್ಲ, ಅದು ಸಾಕಾಗಿದೆ. ಅಣ್ಣನನ್ನು ಕರೆಯುತ್ತಾರೆ, ಅವನು ಬಂದು ನೋಡಿ ಹೋಗುತ್ತಾನೆ, ಮತ್ತೆ ಕರೆಯುತ್ತಾರೆ.

"ಥೇಟ್ ನಿಮ್ಮ ಮಾವನಾರ ನೋಡವ್ವ" ಎಂದು ಸೊಸೆಗೆ ಹೇಳಿ, ಕಣ್ಣೊರೆಸಿಕೊಂಡು ನಕ್ಕು, ಇನ್ನೊಮ್ಮೆ ಒತ್ತುತ್ತಾರೆ.