ಮೊಮ್ಮಗಳ ಬಲಗೈ

ಮೊಮ್ಮಗಳು ನಮ್ಮ ಮರ್ಕಂಜದ ಮನೆಯಲ್ಲಿ ಕೂತೇ ಸಾಫ್ಟ್‌ವೇರ್ ಕೆಲಸ ಮಾಡುದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆ ಕೆಲಸ ಎಂತದೆಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಅವಳ ಅಭಿಪ್ರಾಯಗಳು ಮಾತ್ರ ಬಾಯಿಪಾಠ. ಊಟಕ್ಕೆ ಕೂತರೆ ಅದೇ. ದಿನಾ ಹಿಡಿಯುವ ಹತ್ಯಾರಿಗೆ ಜಿಪುಣತನ ಮಾಡಬಾರದು. ಆನ್‌ಲೈನಿನಲ್ಲಿ ಐದು ಸ್ಟಾರ್ ಕೊಟ್ಟವರನ್ನು ನಂಬಬಾರದು, ಒಂದು ಸ್ಟಾರಿನವರು ಸಿಟ್ಟಲ್ಲಿ ಬರೆದವರು, ಮೂರು ಸ್ಟಾರಿನವರನ್ನು ಓದಬೇಕು. ಹತ್ಯಾರಿನ ಮಾತು ಸರಿ. ತರಕಾರಿ ಕೊರೆಯುವ ನನ್ನ ಮೆಟ್ಟುಕತ್ತಿಯನ್ನು ನಾನೂ ಆಚಾರಿಯ ಎದುರೇ ಕೂತು ಮಾಡಿಸಿದ್ದು.

ಈ ವರ್ಷ ಪಾರ್ಸೆಲ್ ಹೆಚ್ಚಾಯಿತು. ಹೊಸ ಕೀಬೋರ್ಡ್, ಹೊಸ ಮೌಸ್, ಮಣಿಕಟ್ಟಿಗೆ ಪಟ್ಟಿ. ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ, ತರುದು ನಾನು.

"ಎಂತ ಅಜ್ಜೀ, ಮೊಮ್ಮಗಳು ಅಂಗಡಿ ಇಡುದಾ?" ಎಂದ ಅಂಗಡಿಯವ.

"ಇಟ್ಟರೆ ನಿನ್ನದು ಮುಚ್ಚಬೇಕಾದೀತು ಮಾರಾಯ."

ಒಂದು ದಿನ ನೀರುದೋಸೆ ಹರಿಯಲಿಕ್ಕೂ ಅವಳ ಬಲಗೈಗೆ ಆಗಲಿಲ್ಲ.

"ಆಫೀಸಿಗೆ ಹೇಳಿ ರಜೆ ಹಾಕು" ಎಂದೆ.

"ಹೇಳಿದರೆ ಮುಗೀತು ಅಜ್ಜಿ. ಅರ್ಧ ಕೆಲಸ ಈಗ ಕಂಪ್ಯೂಟರೇ ಬರೀತದೆ. ಜನ ತೆಗೀತಿದ್ದಾರೆ. ಕೈ ಆಗದವಳನ್ನು ಮೊದಲು ತೆಗೀತಾರೆ."

ಮರುದಿನ ಅವಳು ಮೀಟಿಂಗಿನಲ್ಲಿ ಇದ್ದಾಗ, ಕೈ ಅದ್ದಲಿಕ್ಕೆ ಬಿಸಿನೀರು ತಗೊಂಡು ಹೋದೆ. ಪರದೆಯಲ್ಲಿ ಆರು ಮುಖ, ನಡುವೆ ನಗುತ್ತಿದ್ದ ಒಬ್ಬ ಬೋಳುತಲೆಯವ, ಮಾತೆಲ್ಲ ಇಂಗ್ಲಿಷ್. ಪರವೂರಿನವರ ಎದುರು ಗುಟ್ಟು ಹೇಳಲಿಕ್ಕೆ ನಮಗೆ ತುಳು ಉಂಟಲ್ಲ, ಯಾರಿಗೆ ಗೊತ್ತಾಗುತ್ತದೆ? ತುಳುವಿನಲ್ಲೇ ಗದರಿದೆ: "ಕೈ ಊದಿ ಬದನೆಕಾಯಿ ಆಗಿದೆ. ಎರಡು ವಾರದಿಂದ ಮುಚ್ಚಿಡ್ತಿದ್ದಿ. ಕೆಲಸ ಆಗಬೇಕಾದರೆ ಆ ಬೋಳುತಲೆಯವ ಅವನ ಕೈ ಕೊಡಲಿ!"

ಬೋಳುತಲೆಯವನ ನಗು ನಿಂತಿತು. ಅವನೂ ತುಳುವಿನಲ್ಲೇ ಹೇಳಿದ: "ಅಜ್ಜೀ, ನಾನು ಪುತ್ತೂರಿನವ."

ಆಫೀಸಿನಲ್ಲಿ ಅವಳ ಮೇಲಿನವ ಅವನೇ. ಅವನ ಊರು ಯಾವುದೆಂದು ಅವಳಿಗೆ ಗೊತ್ತಿತ್ತಂತೆ, ನನಗೆ ಹೇಳಿರಲಿಲ್ಲ. ಅವಳ ಹತ್ತಿರ ಕೈ ತೋರಿಸಲಿಕ್ಕೆ ಹೇಳಿದ, ನೋಡಿದ, ಹದಿನೈದು ದಿನ ರಜೆ ಕೊಟ್ಟ. ಒಳ್ಳೆಯ ಜನವೇ.

ನನಗೆ ಗೆದ್ದ ಹಾಗಾಯಿತು. ಅವಳು ಕಂಪ್ಯೂಟರ್ ಮುಚ್ಚಿ ನನ್ನನ್ನೇ ನೋಡಿದಳು.

"ಹದಿನೈದು ದಿನ ನಾನಿಲ್ಲದೆ ನಡೆದರೆ, ಮತ್ತೆ ನಾನು ಯಾಕೆ ಅವರಿಗೆ?"

ನಾನು ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಹೇಳುದೋ ಬಿಡುದೋ ಅವಳಿಗೆ ಸೇರಿದ್ದು, ಅದನ್ನು ನಾನು ಕಿತ್ತುಕೊಂಡೆ.

ಇವತ್ತಿಗೆ ಒಂಬತ್ತು ದಿನ. ಊತ ಇಳಿದಿದೆ, ದೋಸೆ ಹರಿಯುತ್ತಾಳೆ. ಆಫೀಸಿನಿಂದ ಏನಾದರೂ ಕೇಳಿ ಒಬ್ಬರೂ ಫೋನ್ ಮಾಡಲಿಲ್ಲ. ಅವಳು ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ತಿನ್ನುತ್ತಾಳೆ.