ದುರ್ಗವ್ವನ ಎಮ್ಮೆ, ನನ್ನ ಹತ್ತು ದಿನ

“ನೀವು ಹೊರಗ ಆಗೂದು ಯಾವ ತಾರೀಕಿಗ್ರಿ?”

ಬಾಡಿಗೆಗೆ ಮನೆ ನೋಡಲು ಹೋದಾಗ ಶಾಂತವ್ವ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಆಕೆ ಇನ್ನೂ ನನ್ನ ಹೆಸರು ಕೇಳಿರಲಿಲ್ಲ. ಮಳವಳ್ಳಿಯಿಂದ ನನ್ನ ಜೊತೆ ಬಂದಿದ್ದ ಅಪ್ಪ ಹಾಸಿಗೆಯ ಗಂಟು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಶಾಂತವ್ವನ ಗಂಡ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಸುಲಿಯುತ್ತಿದ್ದ. ಅಪ್ಪ ನೆಲ ನೋಡಿದರು. ನಮ್ಮ ಕಡೆ ಮುಟ್ಟಿನ ಮಾತನ್ನು ಹೆಂಗಸರು ಹೆಂಗಸರ ಕಿವಿಯಲ್ಲೂ ಅರ್ಧ ನುಂಗಿಯೇ ಹೇಳುತ್ತಾರೆ.

“ನಮ್ಮ ದೇವರ ಖೋಲಿ ನಿಮ್ಮ ಗ್ವಾಡಿಗೆ ಹತ್ತೇತ್ರಿ. ಮದಲ ಗೊತ್ತಿದ್ರ ಚಲೋ ಅಂತ ಕೇಳಿದೆ” ಎಂದಳು ಶಾಂತವ್ವ. ನಾನು ತಾರೀಕು ಹೇಳಿದೆ. ಗಂಡನಿಗೂ ನೆನಪಿರಲಿ ಎಂಬಂತೆ ಆಕೆ ಅದನ್ನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. ಬಸ್ ನಿಲ್ದಾಣಕ್ಕೆ ವಾಪಸು ನಡೆಯುವಾಗ ಅಪ್ಪ, “ಬೇರೆ ಮನೆ ನೋಡುವ” ಎಂದರು. ಬೇರೆ ಮನೆ ಇರಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಮೊರಬದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ನವಲಗುಂದ ತಾಲ್ಲೂಕು, ಅಷ್ಟು ಸಾಕು. ಅಲ್ಲಿನ ಪಶು ಚಿಕಿತ್ಸಾ ಕೇಂದ್ರಕ್ಕೆ ನನ್ನನ್ನು ಹಾಕಿದ್ದರು. ಡಿಪ್ಲೊಮಾ ಮಾಡಿದವಳು ನಾನು, ಪೂರ್ತಿ ಡಾಕ್ಟರಲ್ಲ. ಆದರೂ ಸೂಜಿ ಹಿಡಿದವರೆಲ್ಲ ಊರಿಗೆ ಡಾಕ್ಟರೇ. ನಾನು ಮೂರು ದಿನಗಳಲ್ಲಿ “ದನದ ಡಾಕ್ಟರ್ ಬಾಯಿ” ಆದೆ.

ಮಳವಳ್ಳಿಯಲ್ಲಿ ನಮ್ಮ ಮನೆಯ ಹಿಂದೆ ನಾಲೆ ಹರಿಯುತ್ತದೆ, ಬೇಸಿಗೆಯಲ್ಲೂ ಹಸಿರು. ಇಲ್ಲಿ ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಹಿಂಗಾರಿನಲ್ಲಿ ಅದರ ಮೇಲೆ ಕಡಲೆ, ಬಿಳಿಜೋಳ, ಹತ್ತಿ. ಮಿಕ್ಕ ತಿಂಗಳು ಬಿರುಕು. ಮಳೆ ಬಂದರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಹತ್ತಿ ಕಾಲು ಎತ್ತಲಾಗುವುದಿಲ್ಲ. ಬೋರಿನ ನೀರು ಸವಳು, ಅಂದರೆ ಉಪ್ಪು, ಅದಕ್ಕೇ ಕುಡಿಯಲು ಕೆರೆಯ ನೀರು. ರಾಗಿಮುದ್ದೆ ನುಂಗುವುದನ್ನೇ ಊಟವೆಂದು ಬೆಳೆದವಳು ನಾನು. ರೊಟ್ಟಿ ಅಗಿಯುತ್ತ ಮೊದಲ ವಾರ ದವಡೆ ನೋಯಿಸಿಕೊಂಡೆ. ಮಾತೂ ಹಾಗೆಯೇ. ನಾನು “ಎಮ್ಮೆ ಕರು ಹಾಕಿತಾ?” ಎಂದರೆ ನಗುತ್ತಿದ್ದರು, “ಈದೇತೇನು ಅನ್ರಿ” ಎಂದು ತಿದ್ದುತ್ತಿದ್ದರು. ಹೊಟ್ಟೆಯಲ್ಲಿ ತಲೆ ತಿರುಗಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದ ಒಂದು ಕರುವನ್ನು ಎರಡನೇ ತಿಂಗಳಲ್ಲಿ ಕೈ ಹಾಕಿ ತಿರುಗಿಸಿ ಜೀವಂತ ಎಳೆದೆ. ಆಮೇಲೆ ನಗುವುದು ಕಡಿಮೆಯಾಯಿತು. ಅಂಥ ಕರು ನಾಲ್ಕು ಎಳೆದೆ. ನಾಲ್ಕೂ ಬದುಕಿದವು. ಈ ಸಂಖ್ಯೆಯನ್ನು ಮುಂದಿನ ಸಂಗತಿಗಾಗಿ ಹೇಳುತ್ತಿದ್ದೇನೆ.

ನನ್ನ ಕಾಯಿಲೆ ನನ್ನ ಜೊತೆಯೇ ಬಂದಿತ್ತು. ಹದಿನಾರನೆಯ ವಯಸ್ಸಿನಿಂದ, ಪ್ರತಿ ತಿಂಗಳು ಮುಟ್ಟಿಗೆ ಮೊದಲಿನ ಹತ್ತು ದಿನ ನಾನು ನಾನಾಗಿ ಇರುವುದಿಲ್ಲ. ಮೊದಲು ಕೈಕಾಲಿನ ಬಲ ಹೋಗುತ್ತದೆ. ಬಾಚಣಿಗೆ ಹಿಡಿದ ಕೈ ತಲೆಯವರೆಗೆ ಏರುವುದಿಲ್ಲ. ಹನ್ನೆರಡು ಗಂಟೆ ಮಲಗಿದರೂ ಮಲಗಿದಂತೆ ಅನ್ನಿಸುವುದಿಲ್ಲ. ನಾಲ್ಕನೆಯ ದಿನದಿಂದ ಮನಸ್ಸು ಕಪ್ಪಾಗುತ್ತದೆ. ಪಾತ್ರೆಯ ಸದ್ದಿಗೆ ಅಳು, ಯಾರಾದರೂ ಹೆಸರು ಕರೆದರೆ ಸಿಟ್ಟು. ಕೊನೆಯ ಮೂರು ದಿನ ಒಂದೇ ಯೋಚನೆ: ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು. ಮುಟ್ಟು ಶುರುವಾದ ಕೆಲವೇ ಗಂಟೆಗಳಲ್ಲಿ ಎಲ್ಲ ಮಾಯ. ಹಸಿವಾಗುತ್ತದೆ. ಹಾಡು ಕೇಳಬೇಕೆನ್ನಿಸುತ್ತದೆ.

ಮಳವಳ್ಳಿಯಲ್ಲಿ ಈ ಹತ್ತು ದಿನಗಳನ್ನು ಅವ್ವ ಮುಚ್ಚುತ್ತಿದ್ದಳು. ಬಂದವರಿಗೆಲ್ಲ “ಅವ್ಳಿಗೆ ತಲೆನೋವು, ಮಲಗವ್ಳೆ” ಎನ್ನುತ್ತಿದ್ದಳು. ತಟ್ಟೆಯನ್ನು ಹಾಸಿಗೆಯ ಬಳಿ ಇಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು. ಏನಾಗಿದೆ ಎಂದು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಇಲ್ಲಿಂದ ಫೋನಿನಲ್ಲಿ ಅತ್ತಾಗ, “ಮದ್ವ್ಯಾದ್ರೆ ಎಲ್ಲ ಸರಿಹೋಯ್ತದೆ ಕಣೆ, ಸುಮ್ಕಿರು” ಎಂದಳು.

ಇಲ್ಲಿ ಬಾಗಿಲು ಎಳೆಯುವವರು ಇರಲಿಲ್ಲ. ಹೇಗೋ ಏಳು ತಿಂಗಳು ದಾಟಿಸಿದೆ. ಕೆಟ್ಟ ದಿನಗಳಲ್ಲಿ ರಜೆ ಹಾಕಿದೆ, ಸುಳ್ಳು ಹೇಳಿದೆ, ಲಸಿಕೆಯ ಪೆಟ್ಟಿಗೆಯ ಮುಂದೆ ಕೂತು ಅತ್ತೆ. ಎಂಟನೆಯ ತಿಂಗಳಲ್ಲಿ ದುರ್ಗವ್ವ ಬಂದಳು.

ದುರ್ಗವ್ವ ನಮ್ಮ ಓಣಿಯ ಕೊನೆಯ ಮನೆಯವಳು. ಐವತ್ತರ ಆಸುಪಾಸು, ಗಂಡ ತೀರಿಹೋಗಿದ್ದ, ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಮಗಳನ್ನು ಕುಂದಗೋಳದ ಕಡೆ ಕೊಟ್ಟಿದ್ದಳು. ಅವಳಿಗಿದ್ದದ್ದು ಒಂದು ಎಮ್ಮೆ, ಅದರ ಎರಡನೆಯ ಗಬ್ಬ. ಆ ಗಬ್ಬ ಕಟ್ಟಿಸಿದ್ದ ದಿನವನ್ನು ಲೆಕ್ಕ ಹಾಕಿ, ಈಯುವ ವಾರವನ್ನು ನಾನೇ ಹೇಳಿದ್ದೆ. ಆ ವಾರ ಬಂತು. ನನ್ನ ಕೊನೆಯ ಮೂರು ದಿನಗಳೂ ಅದೇ ವಾರಕ್ಕೆ ಬಂದವು.

ಬೆಳಗ್ಗೆ ಏಳು ಗಂಟೆ ಇರಬೇಕು. ಬಾಗಿಲು ಬಡಿದ ಸದ್ದು.

“ಬಾಯಾರ, ಎಮ್ಮಿ ಈಯಾಕತ್ತೇತ್ರಿ. ಒಂದ ಕಾಲು ಹೊರಗ ಬಂದೈತಿ, ಮುಂದ ಬರವಲ್ದು. ಜರಾ ಬರ್ರಿ.”

ನಾನು ಎಚ್ಚರವಾಗಿಯೇ ಇದ್ದೆ. ಒಂದು ಕಾಲು ಹೊರಗೆ ಬಂದು ನಿಂತಿದೆ ಎಂದರೆ ಇನ್ನೊಂದು ಕಾಲು ಮಡಚಿದೆ, ಇಲ್ಲವೇ ತಲೆ ಹಿಂದಕ್ಕೆ ತಿರುಗಿದೆ. ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು. ಆದರೆ ಏಳಲಿಲ್ಲ. ಏಳಲಾಗಲಿಲ್ಲ ಎಂದು ಬರೆಯಬೇಕೋ ಏಳಲಿಲ್ಲ ಎಂದು ಬರೆಯಬೇಕೋ, ಇವತ್ತಿಗೂ ನನಗೆ ತಿಳಿಯದು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದಳು. ಮೂರನೆಯ ಸಲ ಬಂದಾಗ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳೆಂದು ಕಾಣುತ್ತದೆ. ದನಿ ತೀರ ಹತ್ತಿರದಿಂದ ಕೇಳಿತು.

“ನಿಮ್ಮ ಕಾಲಿಗೆ ಬೀಳ್ತೀನ್ರಿ.”

ನಾನು ಒಳಗಿನಿಂದ ಕಿರುಚಿದೆ. “ಸತ್ತರೆ ಸಾಯಲಿ. ನಾನೇ ಸಾಯ್ತಾ ಇದೀನಿ. ಹೋಗು.”

ಅವಳು ಹೋದಳು.

ಎದ್ದು ಓಣಿಯ ಕೊನೆಗೆ ನಡೆಯುವ ಹೊತ್ತಿಗೆ ಹನ್ನೊಂದಾಗಿತ್ತು. ಎಮ್ಮೆ ಮೇವು ಹಾಕುವ ಗ್ವಾದಲಿಯ ಪಕ್ಕ ಅಡ್ಡ ಬಿದ್ದಿತ್ತು. ಹಿಂದೆ ಕರುವಿನ ಒಂದು ಗೊರಸು ಕಾಣುತ್ತಿತ್ತು. ಆಗಲೇ ನೊಣ. ನಾನು ಮೊಣಕಾಲೂರಿ ಕೈ ಹಾಕಿ ನೋಡಿದೆ. ತಲೆ ಹಿಂದಕ್ಕೆ ತಿರುಗಿತ್ತು, ಅಷ್ಟೇ. ನಾಲ್ಕು ಸಲ ನಾನು ತಿರುಗಿಸಿದ್ದ ತಲೆಗಳ ಹಾಗೆಯೇ.

ದುರ್ಗವ್ವ ಗೋಡೆಗೊರಗಿ ಕೂತಿದ್ದಳು. ಅಳುತ್ತಿರಲಿಲ್ಲ.

“ಈಗ ಯಾಕ ಬಂದ್ರಿ? ಸತ್ತದ್ದಕ್ಕ ಸೂಜಿ ಮಾಡ್ತೀರೇನು?” ಎಂದಳು.

ಮರುದಿನ ನಾನು ಮುಟ್ಟಾದೆ. ಮಧ್ಯಾಹ್ನದ ಹೊತ್ತಿಗೆ ಮನಸ್ಸು ತೊಳೆದಂತೆ ತಿಳಿಯಾಯಿತು. ಹಸಿವಾಯಿತು. ಎರಡು ರೊಟ್ಟಿ, ಬದನೆಕಾಯಿ ಪಲ್ಯ ತಿಂದೆ, ರುಚಿ ಹತ್ತಿತು. ಟ್ರ್ಯಾಕ್ಟರಿನಲ್ಲಿ ಎಮ್ಮೆಯನ್ನು ಹೂಳಲು ಒಯ್ಯುವ ಸದ್ದು ಓಣಿಯಲ್ಲಿ ಕೇಳುತ್ತಿತ್ತು. ನಾನು ಮೂರನೆಯ ರೊಟ್ಟಿಗೆ ಕೈ ಹಾಕಿದ್ದೆ. ನನ್ನ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಕೆಟ್ಟ ಸಂಗತಿ ಇದು.

ಊರು ಜಗಳಕ್ಕೆ ಬರಲಿಲ್ಲ. ಅದಕ್ಕಿಂತ ಸುಲಭದ ದಾರಿ ಅವರಿಗೆ ಸಿಕ್ಕಿತು. ನನ್ನ ತಾರೀಕು ಶಾಂತವ್ವನಿಗೆ ಗೊತ್ತಿತ್ತು. ಪ್ರತಿ ತಿಂಗಳು ಅದಕ್ಕೂ ಮೊದಲು ನಾನು ಬಾಗಿಲು ಹಾಕಿಕೊಳ್ಳುವುದನ್ನೂ ಆಕೆ ನೋಡಿದ್ದಳು. ಎರಡನ್ನೂ ಸೇರಿಸಿ ನೀರು ತುಂಬುವ ಕೆರೆಯ ಹತ್ತಿರ ಹೇಳಿದಳು. ಒಂದು ವಾರದಲ್ಲಿ ಹೋಟೆಲಿನಲ್ಲಿ ಚಹಾ ಕುಡಿಯುವ ಗಂಡಸರಿಗೂ ನನ್ನ ತಿಂಗಳು ಬಾಯಿಪಾಠವಾಯಿತು.

“ಹೋರಿ ತೋರಸೂದೈತಿ. ಈ ವಾರ ಶಾಣ್ಯಾ ಇದ್ದೀರೋ, ಹುಚ್ಚಿ ಆಗೀರೋ?” ಎಂದು ಒಬ್ಬ ಕೇಂದ್ರದ ಬಾಗಿಲಲ್ಲಿ ನಿಂತೇ ಕೇಳಿದ. ಅವನ ಹಿಂದಿದ್ದವರು ನಕ್ಕರು. ಇಲ್ಲಿ ‘ಶಾಣ್ಯಾ’ ಎಂದರೆ ಜಾಣ, ಬುದ್ಧಿ ಸರಿಯಿರುವವರು. ನಮ್ಮ ಕಡೆಯವರಾಗಿದ್ದರೆ ಇದನ್ನೇ ನನ್ನ ಬೆನ್ನ ಹಿಂದೆ ಹೇಳಿ, ಎದುರಿಗೆ “ಊಟ ಆಯ್ತಾ ಮೇಡಂ” ಎನ್ನುತ್ತಿದ್ದರು. ಮೇಲಧಿಕಾರಿ ಮಾತ್ರ ನಗಲಿಲ್ಲ. ಕರೆಸಿಕೊಂಡು, “ನನ್ನ ಹೆಂಡ್ತಿಗೂ ತಿಂಗಳಾ ಆಗತೈತಿ. ಅಕಿ ರೊಟ್ಟಿ ಬಡಿಯೂದು ಬಿಟ್ಟಿಲ್ಲ” ಎಂದು ನೋಟಿಸು ಕೊಟ್ಟರು.

ಧಾರವಾಡದ ಮನೋವೈದ್ಯರೊಬ್ಬರ ಬಳಿ ಹೋದದ್ದು ಆಮೇಲೆ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಎರಡು ತಿಂಗಳು ದಿನದಿನದ ಸ್ಥಿತಿ ಬರೆದು ತರಲು ಹೇಳಿದರು. ಊರಿನ ಎಮ್ಮೆಗಳು ಬೆದೆಗೆ ಬಂದ ದಿನಗಳನ್ನೆಲ್ಲ ಬರೆದಿಡುವುದು ನನ್ನ ಕೆಲಸ. ನನ್ನ ದಿನಗಳನ್ನು ಬರೆದಿಡಬೇಕೆಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಬರೆದು ಒಯ್ದೆ. ನೋಡಿದರು.

“ಇದು ಹುಚ್ಚಲ್ಲ, ನಾಟಕನೂ ಅಲ್ಲ. ಮುಟ್ಟಿಗಿಂತ ಮೊದಲು ಬರೋ ತೀವ್ರ ಖಿನ್ನತಿ. ಎಲ್ಲಾರಿಗೂ ಹಿಂಗ ಬರೂದಿಲ್ಲ, ಕೆಲವರಿಗೆ ಬರತೈತಿ. ಔಷಧ ಐತಿ.”

“ಹಾಗಾದ್ರೆ ಆ ಎಮ್ಮೆ ಸತ್ತಿದ್ದು ನನ್ನ ತಪ್ಪಲ್ಲ ಅಲ್ವಾ ಮೇಡಂ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಅದನ್ನ ನನ್ನ ಕೇಳಬ್ಯಾಡ್ರಿ.”

ಮಾತ್ರೆಗಳು ಅರ್ಧ ಕೆಲಸ ಮಾಡಿದವು. ಸಾಯುವ ಯೋಚನೆ ಹಿಂದೆ ಸರಿಯಿತು. ಸುಸ್ತು ಹೋಗಲಿಲ್ಲ, ಆದರೆ ತಲೆ ಬಾಚಿಕೊಳ್ಳುವಷ್ಟು, ಬಾಗಿಲು ತೆರೆಯುವಷ್ಟು ಬಲ ಉಳಿಯುತ್ತಿತ್ತು. ಮೂರನೆಯ ತಿಂಗಳು, ಕೆಟ್ಟ ದಿನಗಳ ನಡುವೆಯೇ, ದುರ್ಗವ್ವನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗ್ವಾದಲಿ ಖಾಲಿಯಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಹತ್ತು ದಿನ, ಡಾಕ್ಟರು, ಕಾಯಿಲೆಯ ಹೆಸರು, ಮಾತ್ರೆ. ಕ್ಷಮಿಸು ಎಂದೆ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ನನಗೂ ಹಂಗ ಆಗ್ತಿತ್ತು” ಎಂದಳು.

ನಾನು ಅವಳೆದುರು ನೆಲದ ಮೇಲೆ ಕೂತೆ.

“ಮಗಳು ಸಣ್ಣಾಕಿ ಇದ್ದಾಗ. ತಿಂಗಳಾ ಎಂಟ ದಿನ. ಕೈಕಾಲು ನನ್ನವಲ್ಲ ಅನಸ್ತಿತ್ತು. ಮಲಗಿದ್ರ ಕೂಲಿ ಯಾರ ಕೊಡ್ತಾರ? ನಾ ಎದ್ದ ಹೋಗ್ತಿದ್ದೆ. ನೀವು ಏಳಲಿಲ್ಲ. ಅಷ್ಟ ಫರಕು.”

ಒಂದು ಹಿಡಿ ಹರಳು ಆರಿಸಿ ಹೊರಗೆ ಎಸೆದಳು.

“ಒಂದ ದಿವಸ ಹೊಲದಿಂದ ಬಂದೆ. ಹುಡುಗಿ ಹಸಿವಿ ಹಸಿವಿ ಅಂತ ಸೀರಿ ಜಗ್ಗಿದ್ಲು. ಹೊಡದೆ. ಹೆಂಗ ಹೊಡದೆ, ಎಷ್ಟ ಹೊಡದೆ, ನನಗ ಖಬರಿಲ್ಲ. ಅಕಿಗೆ ಒಂದ ಕಿವಿ ಇವತ್ತಿಗೂ ಕೇಳಂಗಿಲ್ಲ. ಕಿವುಡಿ ಅಂತ ಎರಡ ಸಂಬಂಧ ಮುರದು ಹೋದ್ವು. ಅಕಿ ನನ್ನ ಮನಿಗೆ ಬರೂದಿಲ್ಲ. ದೆವ್ವ ಬಡದೈತಿ ಅಂದ್ರು, ಬೇವಿನ ಟೊಂಗಿಲೆ ಹೊಡಸಿದ್ರು. ಬ್ಯಾನಿ ಅಂತ ಯಾರೂ ಅನಲಿಲ್ಲ.”

ಆಗ ಮೊದಲ ಸಲ ನನ್ನ ಮುಖ ನೋಡಿದಳು.

“ಈ ಗುಳಿಗಿ ಆವಾಗೂ ಇದ್ದುವೇನ್ರಿ?”

ಇದ್ದವು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅಲ್ಲಿಂದಾಚೆಗೆ ಎದುರು ಸಿಕ್ಕರೂ ಮಾತಾಡಲಿಲ್ಲ.

ಆ ಬೇಸಿಗೆಯಲ್ಲಿ ಮಳವಳ್ಳಿಗೆ ಹೋದೆ. ಅವ್ವ ಮುದ್ದೆ ಮಾಡಿದಳು. ನನಗೆ ಅದು ಬಾಯಿಯಲ್ಲಿ ಮೆತ್ತಿಕೊಂಡಂತಾಯಿತು. ಗಂಡಿನ ಕಡೆಯವರು ಬರುವ ದಿನವನ್ನು ಅವ್ವ ನನ್ನ ಕೇಳದೆ ಗೊತ್ತು ಮಾಡಿದ್ದಳು, ಅದು ನನ್ನ ಹತ್ತು ದಿನಗಳಲ್ಲಿ ಏಳನೆಯದಾಗಿತ್ತು. ಮಾತ್ರೆಗಳನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಚ್ಚಿಟ್ಟಿದ್ದಳು. ಗಂಡಿನ ತಾಯಿ, “ಯಾಕೆ ಮಗ, ಮುಖ ಬಾಡೋಗದೆ?” ಎಂದರು. ಅವ್ವ ಎಂದಿನಂತೆ “ತಲೆನೋವು” ಎಂದಳು. ನನಗೇ ಗೊತ್ತಿಲ್ಲದೆ ಬಾಯಿಂದ ಬಂದದ್ದು ಧಾರವಾಡದ ಕನ್ನಡ.

“ತಲಿನೋವಲ್ರಿ. ನನಗ ಬ್ಯಾನಿ ಐತಿ. ತಿಂಗಳಾ ಹತ್ತ ದಿನ. ಗುಳಿಗಿ ತಗೋತೀನಿ.”

ಅವರು ಕಾಫಿ ಮುಗಿಸಿ, ಬಹಳ ಮರ್ಯಾದೆಯಿಂದ ಎದ್ದು ಹೋದರು. ಅವ್ವ ಲೋಟಗಳನ್ನು ತೊಳೆದು ಬೋರಲು ಹಾಕಿದಳು.

“ಅಲ್ಲೇ ಇದ್ಬುಡು. ಇಲ್ಲಿಗೆ ಬರ್ಬ್ಯಾಡ” ಎಂದಳು. ಸಿಟ್ಟಿನಲ್ಲಿ ಅಂದದ್ದು, ಮರೆಯುತ್ತಾಳೆ ಎಂದುಕೊಂಡೆ. ಈಗ ಫೋನು ಅಪ್ಪ ಎತ್ತುತ್ತಾರೆ. ಅವ್ವ ಮಲಗಿದ್ದಾಳೆ ಎನ್ನುತ್ತಾರೆ.

ಹೀಗಾಗಿ ನಾನು ಇಲ್ಲೇ ಇದ್ದೇನೆ. ವರ್ಗಾವಣೆಗೆ ಬರೆದ ಅರ್ಜಿ ಕಪಾಟಿನಲ್ಲಿದೆ. ಯಾವ ಊರಿಗೆ ಎಂಬ ಜಾಗ ತುಂಬಿಲ್ಲ. ಕೆಟ್ಟ ದಿನಗಳು ಬರುವ ಮೊದಲೇ ಪಕ್ಕದ ಊರಿನ ಕೇಂದ್ರದವರಿಗೆ ತಿಳಿಸುತ್ತೇನೆ, ತುರ್ತಿದ್ದರೆ ಅವರು ಬರುತ್ತಾರೆ. ಊರವರ ನಗು ನಿಂತಿಲ್ಲ. ಆದರೆ ಗಬ್ಬದ ಎಮ್ಮೆ ಇರುವವರು ನನ್ನ ದಿನಗಳನ್ನು ತಾವೇ ಕೇಳಿಕೊಂಡು ಹೋಗುತ್ತಾರೆ, ನಾನೂ ಹೇಳುತ್ತೇನೆ. ನನ್ನ ಸ್ವಂತ ಮನೆಯಲ್ಲಿ ಹೇಳಬಾರದ ಮಾತನ್ನು ಇಲ್ಲಿ ಬಸ್ ನಿಲ್ದಾಣದಲ್ಲಿ ನಿಂತು ಹೇಳುತ್ತೇನೆ. ಇದನ್ನು ನೆಮ್ಮದಿ ಎನ್ನಲಾರೆ.

ಕಳೆದ ವಾರ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆ. ದುರ್ಗವ್ವ ಹೊಸದಾಗಿ ತಂದ ಆಡನ್ನು ಹಗ್ಗ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅದರ ಎಡಗಡೆಯ ಹೊಟ್ಟೆ ತಮಟೆಯಂತೆ ಉಬ್ಬಿತ್ತು. ಐದು ನಿಮಿಷದ ಕೆಲಸ. ಮದ್ದು ನನ್ನ ಮೇಜಿನ ಮೇಲೆಯೇ ಇತ್ತು.

“ದುರ್ಗವ್ವ, ಆಡಿಗೆ ಏನ ತಿನಿಸಿದ್ರಿ?” ಎಂದೆ.

ಅವಳು ನಿಂತಳು. ಆಡನ್ನು ನೋಡಿದಳು, ನನ್ನನ್ನು ನೋಡಿದಳು.

“ಹಸಿ ಕಡ್ಲಿ ಮೇದೈತ್ರಿ” ಎಂದಳು. ಆಮೇಲೆ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಪಕ್ಕದ ಊರಿನ ಕೇಂದ್ರಕ್ಕೆ ಹೋಗುವ ರಸ್ತೆ ಹಿಡಿದಳು. ಬಿಸಿಲಲ್ಲಿ ಅದು ಒಂದು ಗಂಟೆಯ ದಾರಿ.

ನಾನು ಒಳಗೆ ಹೋಗಿ ಆ ಊರಿನವರಿಗೆ ಫೋನು ಮಾಡಿದೆ. ಆಡು ಬರುತ್ತಿದೆ, ಹೊಟ್ಟೆ ಉಬ್ಬಿದೆ, ಮದ್ದು ತೆಗೆದಿಡಿ ಎಂದೆ. ಯಾರ ಆಡು ಎಂದು ಕೇಳಿದರು.

“ನಮ್ಮ ಓಣಿಯಾಕಿದು” ಎಂದೆ.